ಕಸಿ ಎಂದರೆ ಯಾವ ಕಸಿ? ಒಂದು ಕಾಫಿ ಕೈಪಿಡಿಯನ್ನು ಕನ್ನಡಕ್ಕೆ ತಂದ ಬಗೆ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ಕೆಲಸ ಮಾಡುವ ಯಾರನ್ನಾದರೂ ‘ಕಸಿ’ ಎಂದರೇನು ಎಂದು ಕೇಳಿ. ಗಿಡದಲ್ಲಿ ಬೇಡದ ರೆಂಬೆ ಕತ್ತರಿಸಿ ಗಾಳಿ ಬೆಳಕು ಆಡುವಂತೆ ಮಾಡುವುದು ಎನ್ನುತ್ತಾರೆ. ಮರದ ಕೊಂಬೆ ಕಡಿದು ನೆರಳು ತೆಳುಮಾಡಿದರೆ ಅದು ಮರಗಸಿ. ಅದೇ ಪದ ತೋಟಗಾರಿಕೆಯ ಪುಸ್ತಕಗಳಲ್ಲಿ ಬೇರೆಯೇ ಕೆಲಸಕ್ಕೆ ಬಳಕೆಯಾಗುತ್ತದೆ: ಒಂದು ಗಿಡದ ಕಡ್ಡಿಯನ್ನು ಇನ್ನೊಂದರ ಬುಡಕ್ಕೆ ಕೂಡಿಸುವುದು. ನಾವು ಅನುವಾದಕ್ಕೆ ತೆಗೆದುಕೊಂಡ ಇಂಗ್ಲಿಷ್ ಕೈಪಿಡಿಯಲ್ಲಿ ಎರಡು ಕೆಲಸಗಳೂ ಇದ್ದವು, 12 ಪುಟಗಳ ಅಂತರದಲ್ಲಿ. ಒಂದು ಕಡೆ ಕೂಡಿಸು, ಇನ್ನೊಂದು ಕಡೆ ಕತ್ತರಿಸು. ಎರಡಕ್ಕೂ ಕನ್ನಡದಲ್ಲಿ ಒಂದೇ ಪದ. ಕತ್ತರಿಸುವುದಕ್ಕೆ ನಿಘಂಟು ಕೊಡುವ ‘ಸವರುವಿಕೆ’ಯನ್ನು ಇಲ್ಲಿ ಯಾರೂ ಆಡುವುದಿಲ್ಲ. ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವವರು ‘ಚಾಟ್ನಿ’ ಎನ್ನುತ್ತಾರೆ, ಮಲೆನಾಡಿನಲ್ಲಿ ಅದು ನಡೆಯದು. ಕೊನೆಗೆ ಕತ್ತರಿಸುವುದಕ್ಕೆ ‘ಕಸಿ’ ಎಂದೂ ಕೂಡಿಸುವುದಕ್ಕೆ ‘ಕಸಿ ಕಟ್ಟುವುದು’ ಎಂದೂ ಗೊತ್ತುಮಾಡಿ, ಎರಡೂ ಅಧ್ಯಾಯಗಳ ಮೊದಲ ಸಾಲಿನಲ್ಲೇ ಯಾವುದು ಯಾವುದೆಂದು ಬಿಡಿಸಿ ಬರೆದೆವು. ಈ ಒಂದು ಪದಕ್ಕೆ ಎರಡು ದಿನ ಹಿಡಿಯಿತು.

ಕೆಲಸ ಇಷ್ಟು. ಅರೇಬಿಕಾ ಕಾಫಿ ಬೆಳೆಯ ಕುರಿತು 72 ಪುಟಗಳ ಇಂಗ್ಲಿಷ್ ಕೈಪಿಡಿ, 21,600 ಪದ. ಐದು–ಹತ್ತು ಎಕರೆಯ ಬೆಳೆಗಾರರು, ತೋಟದ ಲೆಕ್ಕ ಬರೆಯುವ ರೈಟರುಗಳು, ಮೇಸ್ತ್ರಿಗಳು ಕೈಯಲ್ಲಿ ಹಿಡಿದು ಓದುವಂಥ ಕನ್ನಡ ಪುಸ್ತಕವಾಗಬೇಕು. ಒಬ್ಬರು ಬರೆಯುವುದು, ಇನ್ನೊಬ್ಬರು ಮೂಲದ ಪಕ್ಕ ಇಟ್ಟು ನೋಡುವುದು ಎಂದು ಹಂಚಿಕೊಂಡೆವು. ಒಟ್ಟು 11 ವಾರ. ದಿನಕ್ಕೆ 1,200 ಇಂಗ್ಲಿಷ್ ಪದಗಳ ಲೆಕ್ಕದಲ್ಲಿ ಕೂತು ಬರೆದದ್ದು ಮೂರೇ ವಾರ. ಉಳಿದ ಎಂಟು ವಾರ ಅದರ ಹಿಂದು ಮುಂದಿನ ಕೆಲಸಕ್ಕೆ ಹೋಯಿತು. ಕೈಪಿಡಿ ಕೆಡುವುದೂ ನಿಲ್ಲುವುದೂ ಆ ಎಂಟು ವಾರಗಳಲ್ಲೇ.

ಮೊದಲು ಒಪ್ಪಿಗೆ. ಅನುವಾದ ಮಾಡುವ ಹಕ್ಕು ಮೂಲದ ಹಕ್ಕುದಾರರದ್ದು ಎಂದು 1957ರ ಕೃತಿಸ್ವಾಮ್ಯ ಕಾಯ್ದೆ ಹೇಳುತ್ತದೆ. ಬಾಯಿಮಾತು ಸಾಲದು. ಯಾವ ಆವೃತ್ತಿ, ಎಷ್ಟು ಪ್ರತಿ, ಚಿತ್ರ ಮತ್ತು ಕೋಷ್ಟಕಗಳೂ ಸೇರಿವೆಯೇ, ಮೂಲದಲ್ಲಿ ತಪ್ಪು ಕಂಡರೆ ತಿದ್ದಲು ಯಾರು ಒಪ್ಪಬೇಕು — ಈ ನಾಲ್ಕೂ ಪತ್ರದಲ್ಲಿ ಇರಲಿ. ಸಂಭಾವನೆಯನ್ನು ಮೂಲದ ಪದಗಳ ಮೇಲೆ ಲೆಕ್ಕ ಹಾಕಿಸಿಕೊಳ್ಳಿ. ಕನ್ನಡದಲ್ಲಿ ವಿಭಕ್ತಿ, ಕ್ರಿಯಾಪದ ಎಲ್ಲ ಒಂದೇ ಪದಕ್ಕೆ ಅಂಟಿಕೊಳ್ಳುವುದರಿಂದ ಪದಗಳ ಸಂಖ್ಯೆ ಇಳಿಯುತ್ತದೆ. ನಮ್ಮ 21,600 ಪದ ಕನ್ನಡದಲ್ಲಿ 15,400 ಆಯಿತು. ಕನ್ನಡ ಪದದ ಲೆಕ್ಕದಲ್ಲಿ ದರ ಒಪ್ಪಿಕೊಂಡವರಿಗೆ ಕೆಲಸ ಅಷ್ಟೇ ಇದ್ದರೂ ಕಾಲು ಭಾಗಕ್ಕಿಂತ ಹೆಚ್ಚು ಹಣ ಕಡಿಮೆಯಾಗುತ್ತದೆ.

ಪತ್ರದ ನಾಲ್ಕನೇ ಅಂಶ ಎಷ್ಟು ಮುಖ್ಯ ಎಂಬುದು ಮೊದಲ ಓದಿನಲ್ಲೇ ತಿಳಿಯಿತು. ಮೂಲ 1990ರ ದಶಕದ ಆವೃತ್ತಿ. ಬಿಳಿ ಕಾಂಡಕೊರಕ ಹುಳುವಿಗೆ ಲಿಂಡೇನ್ ಬಳಿಯಿರಿ, ಕಾಯಿಕೊರಕ ಹುಳುವಿಗೆ ಎಂಡೋಸಲ್ಫಾನ್ ಹೊಡೆಯಿರಿ ಎಂದು ಅದರಲ್ಲಿದೆ. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ 2011ರಲ್ಲಿ ನಿಷೇಧಿಸಿತು, ಲಿಂಡೇನ್ ಬಳಕೆಯೂ 2013ರಿಂದ ನಿಂತಿದೆ. ಮೂಲನಿಷ್ಠೆಯ ಹೆಸರಿನಲ್ಲಿ ಇದನ್ನು ಹಾಗೇ ಕನ್ನಡಿಸಿದರೆ ಓದುಗನ ಕೈಗೆ ವಿಷ ಕೊಟ್ಟಂತೆ. ಅನುವಾದಕರೇ ಸದ್ದಿಲ್ಲದೆ ತೆಗೆದುಹಾಕಿದರೆ ಅದೂ ಸರಿಯಲ್ಲ; ಆ ಜಾಗದಲ್ಲಿ ಏನು ಮಾಡಬೇಕೆಂಬುದು ಖಾಲಿ ಉಳಿಯುತ್ತದೆ. ಅಂಥ ಏಳು ಕಡೆ ಗುರುತು ಹಾಕಿ ಹಕ್ಕುದಾರರಿಗೆ ಬರೆದು, ಅವರಿಂದಲೇ ಬದಲಿ ಸಾಲು ಬರೆಸಿಕೊಂಡೆವು. ಉತ್ತರ ಬರಲು ಮೂರು ವಾರ ಬೇಕಾಯಿತು. ಆದ್ದರಿಂದ ಈ ಪ್ರಶ್ನೆಗಳನ್ನು ಅನುವಾದ ಶುರುಮಾಡುವ ಮೊದಲೇ ಕಳಿಸಬೇಕು. ಕೊನೆಗೆ ಕಳಿಸಿದರೆ ಪ್ರೆಸ್ಸು ಕಾಯುವುದಿಲ್ಲ, ಹಳೆಯ ಸಾಲೇ ಅಚ್ಚಾಗುತ್ತದೆ.

ಮೊದಲ ಓದಿನಲ್ಲಿ ಒಂದು ಸಾಲನ್ನೂ ಅನುವಾದಿಸಬಾರದು. ಪೆನ್ಸಿಲ್ ಹಿಡಿದು ಪದಗಳ ಕೆಳಗೆ ಗೆರೆ ಎಳೆಯುವುದಷ್ಟೇ. ನಮಗೆ 260 ಪದ ಸಿಕ್ಕವು. ನಾಲ್ಕು ಅಂಕಣದ ಪಟ್ಟಿ ಮಾಡಿದೆವು: ಇಂಗ್ಲಿಷ್ ಪದ, ನಿಘಂಟಿನ ಪದ, ತೋಟದಲ್ಲಿ ಆಡುವ ಪದ, ನಾವು ಇಟ್ಟುಕೊಂಡ ಪದ. ಮೂರನೇ ಅಂಕಣ ತುಂಬಲು ಮೇಜಿನ ಮುಂದೆ ಕೂತರೆ ಆಗದು. ಕಣದಲ್ಲಿ, ಔಷಧಿ ಅಂಗಡಿಯಲ್ಲಿ, ಒಣಗಿದ ಕಾಫಿಯ ಸಿಪ್ಪೆ ತೆಗೆದು ಹದ ಮಾಡುವ ಕ್ಯೂರಿಂಗ್ ವರ್ಕ್ಸ್ ಬಾಗಿಲಲ್ಲಿ ನಿಂತು ಕೇಳಬೇಕು. ಕೇಳುವಾಗ ಇಂಗ್ಲಿಷ್ ಪದ ಹೇಳಿ ‘ಇದಕ್ಕೆ ಕನ್ನಡದಲ್ಲಿ ಏನಂತಾರೆ’ ಎಂದರೆ ಎದುರಿನವರೂ ಯೋಚನೆ ಮಾಡಿ ಪುಸ್ತಕದ ಪದವನ್ನೇ ಕೊಡುತ್ತಾರೆ. ಗಿಡ ತೋರಿಸಿ ‘ಈಗ ಏನ್ ಮಾಡ್ತಾ ಇದೀರಿ’ ಎಂದರೆ ನಿಜವಾದ ಪದ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಲಸ ಕೊಟ್ಟದ್ದು ಕೊಳೆರೋಗ. ಮೂಲದಲ್ಲಿ ‘ಬ್ಲ್ಯಾಕ್ ರಾಟ್’ ಎಂದಿದ್ದು, ಪಕ್ಕದಲ್ಲಿ ಓರೆ ಅಕ್ಷರದಲ್ಲಿ ‘ಕೊಲೆರೋಗ ನಾಕ್ಸಿಯಾ’ ಎಂಬ ವೈಜ್ಞಾನಿಕ ಹೆಸರಿದೆ. ಲ್ಯಾಟಿನ್ ಅನ್ನಿಸುವ ಆ ಮೊದಲ ಪದ ನಮ್ಮದೇ ‘ಕೊಳೆರೋಗ’. ಮೈಸೂರು ಸೀಮೆಯ ಕಾಫಿ ಎಲೆಯ ಮೇಲೆ ಸಿಕ್ಕ ಈ ಶಿಲೀಂಧ್ರವನ್ನು 1876ರಲ್ಲಿ ವಿವರಿಸಿದ ಇಂಗ್ಲಿಷ್ ವಿಜ್ಞಾನಿ ಎಂ.ಸಿ. ಕುಕ್, ಬೆಳೆಗಾರರ ಬಾಯಲ್ಲಿದ್ದ ಹೆಸರನ್ನೇ ಅದಕ್ಕೆ ಇಟ್ಟರು. ಕನ್ನಡದಿಂದ ಹೋದ ಪದ ಇಂಗ್ಲಿಷ್ ಪುಸ್ತಕದೊಳಗಿಂದ ನಮ್ಮತ್ತ ನೋಡುತ್ತಿದೆ. ಇದನ್ನು ಅರಿಯದೆ ‘ಕಪ್ಪು ಕೊಳೆತ’ ಎಂದು ಹೊಸದಾಗಿ ಕಟ್ಟಿದರೆ ಊರಿನ ಪದವನ್ನು ಊರಿನವರಿಂದಲೇ ಕಿತ್ತುಕೊಂಡಂತೆ. ಯಂತ್ರಾನುವಾದದ ಕರಡಿನಲ್ಲಿ ಹೆಚ್ಚಾಗಿ ಹೀಗೇ ಆಗುತ್ತದೆ. ಜೊತೆಗೆ ಪುಟದಿಂದ ಪುಟಕ್ಕೆ ಪದ ಬದಲಾಗುವುದರಿಂದ ಒಂದೇ ರೋಗ ಮೂರು ರೋಗದಂತೆ ಕಾಣುತ್ತದೆ.

ಆದರೆ ‘ಕೊಳೆರೋಗ’ ಎಂದು ಬರೆದು ಮುಂದೆ ಹೋಗುವಂತೆಯೂ ಇಲ್ಲ. ಮಲೆನಾಡಿನಲ್ಲಿ ಕಾಫಿಯ ನಡುವೆ ಅಡಿಕೆ ಇರುತ್ತದೆ, ಅಡಿಕೆಯ ರೋಗಕ್ಕೂ ಇದೇ ಹೆಸರು. ಅಡಿಕೆ ಕೊಳೆ ಫೈಟಾಫ್ತೊರಾ ಎಂಬ ಬೇರೆಯೇ ಜೀವಿಯಿಂದ ಬರುತ್ತದೆ. ಅದಕ್ಕೆ ಹೊಡೆಯುವುದು ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ, 1%ದ್ದು: 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ. ಕಾಫಿಗೆ 0.5%: ಅದೇ 1 ಕೆ.ಜಿ. ಮೈಲುತುತ್ತಕ್ಕೆ 200 ಲೀಟರ್. ರೋಗದ ಹೆಸರು ಒಂದೇ ಆಗಿ ಪ್ರಮಾಣ ಎರಡಿದ್ದರೆ ಓದುಗ ತನಗೆ ರೂಢಿಯಾದ ಪ್ರಮಾಣವನ್ನೇ ಹಿಡಿಯುತ್ತಾನೆ. ಹಾಗಾಗಿ ಇಡೀ ಪುಸ್ತಕದಲ್ಲಿ ‘ಕಾಫಿ ಕೊಳೆ’ ಎಂದೇ ಬರೆದೆವು. ಒಂದು ಕಡೆಯೂ ಬರೀ ‘ಕೊಳೆರೋಗ’ ಇಲ್ಲ.

ಇನ್ನೊಂದು ಬಲೆ ‘ಚೆರಿ’. ಇಂಗ್ಲಿಷ್ ಕೈಪಿಡಿಯಲ್ಲಿ ಗಿಡದಿಂದ ಬಿಡಿಸಿದ ಕೆಂಪು ಹಣ್ಣಿಗೂ ಅದೇ ಪದ, ಹಣ್ಣನ್ನು ಹಾಗೇ ಒಣಗಿಸಿದ ಮಾಲಿಗೂ ಅದೇ ಪದ. ಇಲ್ಲಿ ಬೆಳೆಗಾರರಿಗೆ ಚೆರಿ ಎಂದರೆ ಒಣಗಿದ ಮಾಲು ಮಾತ್ರ. ಮಾರುಕಟ್ಟೆ ದರ ಕೇಳುವುದೇ ‘ಪಾರ್ಚ್‌ಮೆಂಟ್ ಎಷ್ಟು, ಚೆರಿ ಎಷ್ಟು’ ಎಂದು; ಪಾರ್ಚ್‌ಮೆಂಟ್ ಎಂದರೆ ಹಸಿ ಹಣ್ಣನ್ನು ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಬಿಡಿಸಿ ಒಣಗಿಸಿದ ಬೀಜ. ‘ಬಿಡಿಸಿದ ದಿನವೇ ಚೆರಿಯನ್ನು ಪಲ್ಪರ್‌ಗೆ ಹಾಕಿ’ ಎಂದರೆ ಅವರಿಗೆ ಅರ್ಥವೇ ಆಗುವುದಿಲ್ಲ. ಹಸಿಯದಕ್ಕೆ ಎಲ್ಲ ಕಡೆ ‘ಹಣ್ಣು’, ಒಣಗಿದ್ದಕ್ಕೆ ‘ಚೆರಿ’ ಎಂದು ಬೇರೆ ಮಾಡಿದೆವು. ಮೂಲದಲ್ಲಿ ಆ ಪದ 61 ಕಡೆ ಇತ್ತು. ಕಂಪ್ಯೂಟರಿನಲ್ಲಿ ಒಟ್ಟಿಗೆ ಬದಲಿಸಲು ಬಾರದು. 61ನ್ನೂ ಒಂದೊಂದಾಗಿ ಓದಿ, ಹಸಿಯೋ ಒಣಗಿದ್ದೋ ಎಂದು ತೀರ್ಮಾನಿಸಬೇಕು.

‘ಡ್ರಿಪ್ ಸರ್ಕಲ್’ ಎಂಬುದನ್ನು ಹನಿ ನೀರಾವರಿಗೆ ಕಟ್ಟಬೇಡಿ. ಮಳೆ ಬಂದಾಗ ರೆಂಬೆಯ ತುದಿಯಿಂದ ನೀರು ತೊಟ್ಟಿಕ್ಕುವ ಸುತ್ತು ಅದು, ಗೊಬ್ಬರ ಹಾಕುವ ಜಾಗ. ತಳಿಯ ಹೆಸರನ್ನು ಮುಟ್ಟಬಾರದು. ‘ಸೆಲೆಕ್ಷನ್ 9’ ಎಂಬುದು ‘ಆಯ್ಕೆ 9’ ಆದರೆ ನರ್ಸರಿಯಲ್ಲಿ ಸಸಿ ಸಿಗುವುದಿಲ್ಲ. ‘ಫೀಲ್ಡ್’ ಎಂದಾಗಲೆಲ್ಲ ‘ತೋಟ’, ‘ಫಾರ್ಮರ್’ ಎಂದಾಗ ‘ಬೆಳೆಗಾರ’. ಕಾಫಿಗೆ ‘ಹೊಲ’ ಎಂದು ಬರೆದ ಪುಸ್ತಕವನ್ನು ಮಲೆನಾಡಿನ ಓದುಗ ಎರಡನೇ ಸಾಲಿಗೇ ಮಡಚಿಡುತ್ತಾನೆ. ಕಾಲದ ಮಾತು ಬಂದಾಗ ತಿಂಗಳ ಜೊತೆ ಮಳೆ ನಕ್ಷತ್ರವನ್ನೂ ಕೊಟ್ಟೆವು. ಮುಂಗಾರಿಗೆ ಮೊದಲಿನ ಸಿಂಪರಣೆ ಮೇ ಕೊನೆ, ಅಂದರೆ ರೋಹಿಣಿ ಹುಟ್ಟಿ ಮೃಗಶಿರಾ ಜೋರಾಗುವುದರೊಳಗೆ ಎಂದರೆ ಕ್ಯಾಲೆಂಡರ್ ನೋಡದೆಯೂ ತಿಳಿಯುತ್ತದೆ.

ವಾಕ್ಯದ ವಿಷಯದಲ್ಲಿ ನಮ್ಮ ಅಭಿಪ್ರಾಯ ಗಟ್ಟಿ: ಕೈಪಿಡಿಯ ಕನ್ನಡ ‘ತಕ್ಕದ್ದು’ ಎಂದು ಮುಗಿಯಬಾರದು. ‘ಸಿಂಪರಣೆಯನ್ನು ಮುಂಗಾರು ಪೂರ್ವದಲ್ಲಿ ಕೈಗೊಳ್ಳತಕ್ಕದ್ದು’ ಎಂಬುದು ಸರ್ಕಾರಿ ಸುತ್ತೋಲೆ. ‘ಮುಂಗಾರು ಹಿಡಿಯುವ ಮೊದಲೇ ಔಷಧಿ ಹೊಡೆದು ಮುಗಿಸಿ’ ಎಂದರೆ ಮಾತು. ಇಂಗ್ಲಿಷಿನ ‘ಶುಡ್’ ಒಂದೇ ಪದ ಮೂರು ಕೆಲಸ ಮಾಡುತ್ತದೆ. ಮಾಡಿದರೆ ಒಳ್ಳೆಯದು, ಮಾಡಬೇಕು, ಮಾಡಲೇಬೇಕು — ಈ ಮೂರರಲ್ಲಿ ಯಾವುದು ಎಂದು ಪ್ರತಿ ಸಲವೂ ಕೇಳಿಕೊಳ್ಳಬೇಕು. ಕೈಗವಸು, ಮುಖಕ್ಕೆ ಬಟ್ಟೆ, ಗಾಳಿಗೆ ಎದುರಾಗಿ ಹೊಡೆಯದಿರುವುದು ಇವೆಲ್ಲ ‘ಲೇಬೇಕು’ ಮತ್ತು ‘ಕೂಡದು’. ಸಂಶಯ ಬಂದಲ್ಲಿ ನಾವೇ ತೀರ್ಮಾನಿಸದೆ ವಿಷಯ ಬಲ್ಲವರನ್ನು ಕೇಳಿದೆವು. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿರುವ ಜಿಲ್ಲೆಯಲ್ಲಿ ಹೇಳುವವರಿಗೆ ಬರವಿಲ್ಲ.

ಇನ್ನು ಬೋರ್ಡೋ ಪುಟ. ಇಡೀ ಪುಸ್ತಕದಲ್ಲಿ ಹೆಚ್ಚು ಸಲ ತಿದ್ದಿದ್ದು ಇದೊಂದೇ ಪುಟ, ಒಂಬತ್ತು ಸಲ. ಮೂಲದಲ್ಲಿ ಎರಡು ದ್ರಾವಣಗಳ ಹೆಸರು ಹೇಳಿ, ‘ಮೊದಲನೆಯದನ್ನು ಎರಡನೆಯದಕ್ಕೆ’ ಸೇರಿಸಿ ಎಂದಿತ್ತು. ಮೊದಲ ಕರಡು ಹೀಗೆ ಬಂತು: ‘ಮೈಲುತುತ್ತ ಹಾಗೂ ಸುಣ್ಣದ ದ್ರಾವಣಗಳನ್ನು, ಮೊದಲನೆಯದನ್ನು ಎರಡನೆಯದಕ್ಕೆ ನಿಧಾನವಾಗಿ ಸೇರಿಸುತ್ತಾ, ಬೆರೆಸಬೇಕು.’ ವ್ಯಾಕರಣ ಸರಿ, ಅರ್ಥ ಸರಿ. ಆದರೆ ಡ್ರಮ್ಮಿನ ಮುಂದೆ ನಿಂತವನು ಮೊದಲನೆಯದು ಯಾವುದು ಎಂದು ಹಿಂದೆ ಹೋಗಿ ಹುಡುಕಬೇಕು. ಎರಡನೇ ಕರಡಿನಲ್ಲಿ ಹೆಸರು ಹಾಕಿದಾಗ ವಿಭಕ್ತಿ ಜಾರಿತು: ‘ಸುಣ್ಣದ ನೀರನ್ನು ಮೈಲುತುತ್ತದ ನೀರಿಗೆ’ ಎಂದಾಗಿಬಿಟ್ಟಿತ್ತು. ‘ಅನ್ನು’ ಇರಬೇಕಾದಲ್ಲಿ ‘ಗೆ’, ‘ಗೆ’ ಇರಬೇಕಾದಲ್ಲಿ ‘ಅನ್ನು’; ಒಂದು ಪ್ರತ್ಯಯ ಅದಲುಬದಲಾದರೆ ಕೆಲಸವೇ ತಲೆಕೆಳಗು. ಹಾಗೆ ಹಿಂದುಮುಂದಾಗಿ ಸುರಿದರೆ ದ್ರಾವಣ ದಪ್ಪ ಕಣಗಳಾಗಿ ಒಡೆಯುತ್ತದೆ, ಬೇಗ ತಳ ಹಿಡಿಯುತ್ತದೆ, ನಾಜಲ್ ಕಟ್ಟುತ್ತದೆ, ಎಲೆಗೂ ಅಂಟುವುದಿಲ್ಲ. ಮಳೆಗೆ ತೊಳೆದುಹೋದ ಮೇಲೆ ಔಷಧಿ ಸರಿಯಿಲ್ಲ ಎಂದು ಬೈಯುತ್ತಾರೆ, ಪುಸ್ತಕದ ‘ಗೆ’ ಯಾರಿಗೂ ಕಾಣುವುದಿಲ್ಲ.

ಅಚ್ಚಿಗೆ ಹೋದ ಪಾಠ ಇದು: ‘ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ ಕರಗಿಸಿ. 200 ಲೀಟರ್ ಹಿಡಿಯುವ ಇನ್ನೊಂದು ಡ್ರಮ್ಮಿನಲ್ಲಿ 100 ಲೀಟರ್ ನೀರಿಗೆ 1 ಕೆ.ಜಿ. ಸುಣ್ಣ ಕಲಸಿ ಸೋಸಿ. ಸುಣ್ಣದ ಡ್ರಮ್ಮಿಗೆ ಮೈಲುತುತ್ತದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ; ಸುರಿಯುವಷ್ಟು ಹೊತ್ತೂ ಕೋಲಿನಿಂದ ತಿರುಗಿಸುತ್ತಿರಿ. ಕಬ್ಬಿಣದ ಡ್ರಮ್ಮು, ಬಕೆಟ್ಟು ಬಳಸಕೂಡದು. ತುಕ್ಕಿಲ್ಲದ ಕಬ್ಬಿಣದ ಚಾಕುವನ್ನು ಅದ್ದಿ ನೋಡಿ. ಚಾಕುವಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಇನ್ನಷ್ಟು ಸುಣ್ಣದ ನೀರು ಸೇರಿಸಿ, ಮತ್ತೆ ಅದ್ದಿ ನೋಡಿ. ಕೆಂಪು ಕೂರದ ಮೇಲೆಯೇ ಹೊಡೆಯಿರಿ, ಇಲ್ಲದಿದ್ದರೆ ಎಲೆ ಸುಡುತ್ತದೆ. ಕಲಸಿದ ದಿನವೇ ಖಾಲಿ ಮಾಡಿ.’ ಇಂಗ್ಲಿಷಿನಲ್ಲಿ ಮೂರು ವಾಕ್ಯ, ಇಲ್ಲಿ ಎಂಟಕ್ಕೂ ಹೆಚ್ಚು. ಮಾಡುವ ಕ್ರಮ ಏನೋ ಬರೆಯುವ ಕ್ರಮವೂ ಅದೇ ಇರಬೇಕು. ಇಂಗ್ಲಿಷ್ ವಾಕ್ಯ ‘ಹೀಗಾದ ಮೇಲೆ ಹಾಗೆ’ ಎಂಬುದನ್ನು ‘ಹಾಗೆ, ಹೀಗಾದ ಮೇಲೆ’ ಎಂದು ತಿರುಗಿಸಿ ಹೇಳಿದರೂ ಕನ್ನಡದಲ್ಲಿ ಮೊದಲಿನದು ಮೊದಲು ಬರಲಿ.

ಅಂಕಿಗಳ ಪರಿಶೀಲನೆ ಓದಿನ ಜೊತೆ ಸೇರಿಸಿ ಮಾಡುವ ಕೆಲಸವಲ್ಲ. ಅದಕ್ಕೇ ಒಂದು ದಿನ ಮೀಸಲಿಡಿ. ಒಬ್ಬರು ಮೂಲದಿಂದ ಅಂಕಿ ಮತ್ತು ಅಳತೆಯನ್ನಷ್ಟೇ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕನ್ನಡದ ಮೇಲೆ ಬೆರಳಿಟ್ಟು ಹೋಗಬೇಕು. ಮಧ್ಯೆ ಮಾತಿಲ್ಲ. ಶೇಕಡಾವನ್ನು 200 ಲೀಟರಿಗೆ ಲೆಕ್ಕ ಹಾಕಿ ತಾಳೆ ನೋಡಿ: 0.5% ಎಂದರೆ 1 ಕೆ.ಜಿ., ಕಾಂಡಕ್ಕೆ ಬಳಿಯುವ 10% ಸುಣ್ಣದ ನೀರು ಎಂದರೆ 20 ಕೆ.ಜಿ. ಹೊಂದದಿದ್ದರೆ ಎಲ್ಲೋ ಬಿಂದು ಬಿದ್ದುಹೋಗಿದೆ. ಹೆಕ್ಟೇರಿನ ಲೆಕ್ಕವನ್ನೆಲ್ಲ 2.47ರಿಂದ ಭಾಗಿಸಿ ಎಕರೆಗೆ ಇಳಿಸಿದೆವು, ಆದರೆ ಮೂಲದ ಅಂಕಿಯನ್ನೂ ಪಕ್ಕದಲ್ಲಿ ಉಳಿಸಿದೆವು. ಹೆಕ್ಟೇರಿಗೆ 100 ಕೆ.ಜಿ. ಸಾರಜನಕ ಎಂದರೆ ಎಕರೆಗೆ ಸುಮಾರು 40 ಕೆ.ಜಿ. ಇಲ್ಲೊಂದು ದೊಡ್ಡ ಅಪಾಯವಿದೆ: ಕೈಪಿಡಿ ಹೇಳುವುದು ಪೋಷಕಾಂಶದ ತೂಕ, ಅಂಗಡಿಯಲ್ಲಿ ಸಿಗುವುದು ಗೊಬ್ಬರದ ಮೂಟೆ. ಯೂರಿಯಾದಲ್ಲಿ ಸಾರಜನಕ 46% ಮಾತ್ರ, 40 ಕೆ.ಜಿ. ಸಾರಜನಕ ಬೇಕಾದರೆ ಯೂರಿಯಾ 87 ಕೆ.ಜಿ. ಬೇಕು. ಅನುವಾದದಲ್ಲಿ ‘ಸಾರಜನಕ ಗೊಬ್ಬರ 40 ಕೆ.ಜಿ.’ ಎಂದು ಒಂದು ಪದ ಹೆಚ್ಚು ಬಿದ್ದರೂ ಓದುಗ ಅರ್ಧಕ್ಕಿಂತ ಕಡಿಮೆ ಹಾಕುತ್ತಾನೆ. ನಾವು ಆ ಕೋಷ್ಟಕಕ್ಕೆ, ಹಕ್ಕುದಾರರ ಒಪ್ಪಿಗೆ ಪಡೆದು, ‘ಯೂರಿಯಾ ರೂಪದಲ್ಲಿ’ ಎಂಬ ಅಂಕಣ ಸೇರಿಸಿದೆವು.

ಆಮೇಲೆ ಓದಿಸಿ ನೋಡುವುದು. ಪರಿಣತರಿಗೆ ಕಳಿಸಿದರೆ ವಿಷಯದ ತಪ್ಪು ಸಿಗುತ್ತದೆ, ಭಾಷೆಯ ತೊಡಕು ಸಿಗುವುದಿಲ್ಲ. ಅವರಿಗೆ ವಿಷಯ ಮೊದಲೇ ಗೊತ್ತಿರುವುದರಿಂದ ಕೆಟ್ಟ ವಾಕ್ಯದಲ್ಲೂ ಅರ್ಥ ಕಾಣುತ್ತದೆ. ಒಬ್ಬ ಸಣ್ಣ ಬೆಳೆಗಾರರು, ಒಬ್ಬ ರೈಟರು, ಒಬ್ಬ ಮೇಸ್ತ್ರಿ — ಮೂವರ ಮುಂದೆ ಆಯ್ದ 14 ಪುಟಗಳನ್ನು ಓದಿದೆವು. ‘ಅರ್ಥ ಆಯ್ತಾ’ ಎಂದು ಕೇಳಬೇಡಿ. ಮರ್ಯಾದೆಗೆ ಎಲ್ಲರೂ ಆಯ್ತು ಎನ್ನುತ್ತಾರೆ. ‘ಈಗ ನೀವು ಏನ್ ಮಾಡ್ತೀರಿ, ಹೇಳಿ’ ಎನ್ನಿ. ಬೋರ್ಡೋದ ಹಳೆಯ ಕರಡು ಓದಿ ಹಾಗೆ ಕೇಳಿದಾಗ ಮೇಸ್ತ್ರಿ ಕೈ ಎತ್ತಿ, “ಅಲ್ಲ ಸಾರ್, ಯಾವ ಡ್ರಮ್ಮಿಗೆ ಯಾವ್ದು ಬಿಡ್ಬೇಕು ಅಂತ್ಲೇ ಬರ್ದಿಲ್ವಲ್ಲ?” ಎಂದರು. ಬರೆದಿತ್ತು. ಅವರ ಕಿವಿಗೆ ಬೀಳುವಂತೆ ಬರೆದಿರಲಿಲ್ಲ. ಸುಣ್ಣದ ಡ್ರಮ್ಮಿನ ಅಳತೆ 200 ಲೀಟರ್ ಎಂದು ಸೇರಿಸಿದ್ದೂ ಆ ಕೂಟದಿಂದಲೇ. ಮೂಲದಲ್ಲಿ ಅದು ಇಲ್ಲ, 100 ಲೀಟರಿನ ಡ್ರಮ್ಮು ತಂದಿಟ್ಟುಕೊಂಡವನಿಗೆ ಅರ್ಧದಲ್ಲಿ ಉಕ್ಕುತ್ತದೆ.

ಅಕ್ಷರದ ಕೆಲಸವೂ ಸಣ್ಣದಲ್ಲ. ನಾವು ಯೂನಿಕೋಡಿನಲ್ಲಿ ಬರೆದಿದ್ದೆವು, ಪುಟ ಕಟ್ಟುವವರು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿಗೆ ಬದಲಿಸಿಕೊಂಡರು. ಪರಿವರ್ತನೆಯಲ್ಲಿ ಕೆಡುವುದು ಸಾಮಾನ್ಯವಾಗಿ ಅರ್ಕಾವತ್ತು ಮತ್ತು ಒತ್ತಕ್ಷರ: ‘ಪಾರ್ಚ್‌ಮೆಂಟ್’ ಬೇರೆ ಬೇರೆ ಕಡೆ ಮೂರು ರೂಪದಲ್ಲಿ ಬಂದಿತ್ತು. ಮತ್ತೊಂದು, ಕನ್ನಡದ ಸೊನ್ನೆ ಅಂಕಿಯೂ ಅನುಸ್ವಾರವೂ ಕಣ್ಣಿಗೆ ಒಂದೇ. ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತಿದ ಪದ ಹುಡುಕಿದರೆ ಸಿಗದು, ತಿದ್ದುಪಡಿಯಿಂದ ತಪ್ಪಿಸಿಕೊಳ್ಳುತ್ತದೆ. ಸಾಲಿನ ಕೊನೆಯಲ್ಲಿ ‘0.’ ನಿಂತು ‘5’ ಮುಂದಿನ ಸಾಲಿಗೆ ಇಳಿದದ್ದು ಎರಡು ಕಡೆ ಸಿಕ್ಕಿತು. ಅಂಕಿ ಮತ್ತು ಅಳತೆಯನ್ನು ಬಿಡದಂತೆ ಬೆಸೆಯಲು ಹೇಳಬೇಕು: 200 ಒಂದು ಸಾಲಿನಲ್ಲಿ, ಲೀಟರ್ ಇನ್ನೊಂದರಲ್ಲಿ ಆಗಬಾರದು. ಕರಡು ಮೂರು ಸಲ ನೋಡಿದೆವು. ಮೂರನೇ ಸಲ ಪರದೆಯ ಮೇಲಲ್ಲ, ಕಾಗದದ ಮೇಲೆ.

ಪುಟಗಳು 98 ಆದವು. ಪ್ರೆಸ್ಸಿನಲ್ಲಿ ಒಂದು ಫಾರಂ ಎಂದರೆ 16 ಪುಟ. ಆರು ಫಾರಮ್ಮಿಗೆ 96. ಎರಡು ಪುಟಕ್ಕಾಗಿ ಇನ್ನೊಂದು ಫಾರಂ ಹಾಕುವುದು ದುಡ್ಡು ದಂಡ. ಅಕ್ಷರ ಸಣ್ಣ ಮಾಡೋಣ ಎಂಬ ಸಲಹೆ ಬಂತು, ನಾವು ಒಪ್ಪಲಿಲ್ಲ. ಕನ್ನಡದ ಒತ್ತು 12 ಪಾಯಿಂಟಿಗಿಂತ ಕೆಳಗೆ ಹೋದರೆ ಮನೆಯ ಮಬ್ಬು ಬೆಳಕಿನಲ್ಲಿ ಓದಲಾಗದು. ಎರಡು ಮುನ್ನುಡಿಗಳಲ್ಲಿ ಒಂದನ್ನು ಬಿಟ್ಟು 96ಕ್ಕೆ ಇಳಿಸಿದೆವು.

260 ಪದಗಳ ಪಟ್ಟಿಯನ್ನು ಪುಸ್ತಕದ ಕೊನೆಗೆ ಕಟ್ಟಿದ್ದೇವೆ, ಮೂರನೇ ಅಂಕಣ ಸಮೇತ. ಸಕಲೇಶಪುರದ ಕಡೆ ಬೇರೆ ಪದ ಆಡುತ್ತಾರೆ ಎಂದು ಈಗಾಗಲೇ ನಾಲ್ಕು ತಿದ್ದುಪಡಿ ಬಂದಿವೆ. ಅವನ್ನು ತಾರೀಖು ಹಾಕಿ ಯೂನಿಕೋಡ್ ಪ್ರತಿಯಲ್ಲಿ ಗುರುತು ಮಾಡಿ ಇಟ್ಟಿದ್ದೇವೆ.